ಗದ್ದೆಯಲ್ಲಿ ನೆಟ್ಟ ಸ್ಕೇಲು

2009ನೇ ಇಸವಿ. ನಾನು ಒಂಬತ್ತನೇ ಕ್ಲಾಸು. ವಿಜ್ಞಾನದ ಮೇಷ್ಟ್ರು ಒಂದು ದಿನ ಎಲ್ಲರಿಗೂ ನೂರು ಪುಟದ ಒಂದು ನೋಟ್‌ಬುಕ್ ತರಲು ಹೇಳಿದರು. ಪಾಠ ಬರೆಯೋಕಲ್ಲ. ಮನೆಯಲ್ಲಿ ಏನು ಬಳಸುತ್ತೇವೆ, ಏನು ಎಸೆಯುತ್ತೇವೆ, ಒಂದು ವಾರ ಅಳೆದು ಬರೆಯಬೇಕಿತ್ತು.

ಅಂದಾಜು ಮಾಡಿದರೆ ಅವರು ಒಪ್ಪುತ್ತಿರಲಿಲ್ಲ. "ಒಂದು ಕೊಡ ನೀರು" ಅಂತ ಬರೆದರೆ "ಯಾವ ಕೊಡ?" ಅಂತ ಕೇಳುತ್ತಿದ್ದರು. ಅವ್ವನ ಕೊಡಕ್ಕೆ ಲೀಟರ್ ಬಾಟಲಿಯಲ್ಲಿ ನೀರು ಸುರಿದು ನೋಡಿದೆ. 15 ಹಿಡಿಯಿತು. ದಿನಕ್ಕೆ 18 ಕೊಡ, ಅಂದರೆ 270 ಲೀಟರ್.

ಮಂಡ್ಯ ಪೇಟೆಯಿಂದ ಬರುತ್ತಿದ್ದ ಗೆಳತಿ ವಾರದ 14 ಹಾಲಿನ ಕವರ್ ತೊಳೆದು ಒಣಗಿಸಿ ತಂದಿದ್ದಳು. ದಿನಸಿ ಅಂಗಡಿ ತಕ್ಕಡಿಗೆ ಅದು ತೂಕವೇ ಅಲ್ಲ. ಬಂಗಾರದಂಗಡಿಯವರು ತೂಗಿ ಕೊಟ್ಟರು. ಹತ್ತಿರ ಹತ್ತಿರ 40 ಗ್ರಾಂ. ವರ್ಷಕ್ಕೆ 2 ಕೆ.ಜಿ. ಅಂತ ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಹಾಕಿದಾಗ ಕ್ಲಾಸು ಸುಮ್ಮನಾಯಿತು. ಕರೆಂಟಿನ ಲೆಕ್ಕವೂ ಮಾಡಿದೆವು. ನಮ್ಮ ಕರೆಂಟೆಲ್ಲ 1902ರಿಂದ ಓಡುತ್ತಿರುವ ಶಿವನಸಮುದ್ರದ್ದೇ, ನೀರಿನಿಂದ ಬರುವುದು ಅಂತ ನಾವು ತಿಳಿದಿದ್ದೆವು. ಎಲ್ಲ ಕಡೆಯ ಕರೆಂಟೂ ಒಂದೇ ಲೈನಿಗೆ ಸೇರುತ್ತೆ, ದೇಶದಲ್ಲಿ ಜಾಸ್ತಿ ಕರೆಂಟು ಬರೋದು ಕಲ್ಲಿದ್ದಲಿನಿಂದ ಅಂತ ಗೊತ್ತಾಗಿದ್ದು ಆಗಲೇ.

ನಮ್ಮ ಮನೆಯಲ್ಲಿ ಹಸುವಿತ್ತು, ಹಾಲಿನ ಕವರ್ ಇರಲಿಲ್ಲ. ಕಸವೆಲ್ಲ ತಿಪ್ಪೆಗೆ ಹೋಗುತ್ತಿತ್ತು. ನನ್ನ ಪುಸ್ತಕದಲ್ಲಿ ಬರೆಯೋಕೆ ಹೆಚ್ಚೇನೂ ಇಲ್ಲ ಅಂತ ಹೆಮ್ಮೆಯಾಗಿತ್ತು. ಆಗ ಮೇಷ್ಟ್ರು ಕೇಳಿದರು, "ಅನ್ನದ ಲೆಕ್ಕ ಎಲ್ಲಿ?"

ನೆದರ್ಲೆಂಡ್ಸ್‌ನ ಅರ್ಯೆನ್ ಹೂಕ್ಸ್ತ್ರ ಅನ್ನುವವರು 2002ರಲ್ಲಿ "ನೀರಿನ ಹೆಜ್ಜೆಗುರುತು" ಅನ್ನುವ ಲೆಕ್ಕ ಶುರುಮಾಡಿದ್ದರು. ಒಂದು ವಸ್ತು ನಮ್ಮ ಕೈಗೆ ಬರುವಷ್ಟರಲ್ಲಿ ಎಷ್ಟು ನೀರು ಖರ್ಚಾಗಿದೆ ಅನ್ನುವ ಲೆಕ್ಕ ಅದು. ಒಂದು ಕೆ.ಜಿ. ಅಕ್ಕಿಗೆ ಜಗತ್ತಿನ ಸರಾಸರಿ ಸುಮಾರು 2,500 ಲೀಟರ್. ಇದನ್ನು ಹೇಳಿದ ಮೇಷ್ಟ್ರು ಅಲ್ಲಿಗೇ ನಿಲ್ಲಿಸಲಿಲ್ಲ. "ಇದು ಲೋಕದ ಲೆಕ್ಕ. ನಿಮ್ಮ ಗದ್ದೆಯದ್ದು ನೀವೇ ಅಳೀಬೇಕು" ಅಂದರು. ಆ ಭಾನುವಾರ ಸೈಕಲ್ ತುಳಿದುಕೊಂಡು ನಮ್ಮೂರಿಗೇ ಬಂದರು.

ನಮ್ಮದು ವಿ.ಸಿ. ನಾಲೆ, ಅಂದರೆ ವಿಶ್ವೇಶ್ವರಯ್ಯ ನಾಲೆ ಕೆಳಗಿನ 30 ಗುಂಟೆ ಗದ್ದೆ. ಗೀಟು ಹಾಕಿದ ಮರದ ಸ್ಕೇಲನ್ನು ಕೆಸರಿನಲ್ಲಿ ನೆಟ್ಟರು. 2 ಅಂಗುಲ ನೀರು ನಿಂತಿತ್ತು. ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ನೀರು ನಿಂತರೆ 1 ಲೀಟರ್. ಬದುವಿನ ಮೇಲೆ ಕೂತು ಗುಣಿಸಿದೆವು. 1 ಲಕ್ಷ 54 ಸಾವಿರ ಲೀಟರ್! ನಮ್ಮ ಮನೆಗೆ ಒಂದೂವರೆ ವರ್ಷಕ್ಕೂ ಜಾಸ್ತಿ ದಿನ ಸಾಲುವ ನೀರು, ಒಂದೇ ಸಲಕ್ಕೆ ಗದ್ದೆಯಲ್ಲಿ ನಿಂತಿತ್ತು.

ಅಪ್ಪನಿಗೆ ಬೇಜಾರಾಯಿತು. "ಅಂಗಾದ್ರೆ ಅನ್ನ ಉಣ್ಣೋದ್ನೇ ಬುಟ್ಬುಡದಾ ಮೇಷ್ಟ್ರೇ?"

"ಅಯ್ಯೋ, ಬೇಡಿ ಗೌಡ್ರೇ. ಈ ನೀರು ಎಲ್ಲಿಗೆ ಹೋಗುತ್ತೆ ಅಂತ ನೋಡೋಣ, ಅಷ್ಟೇ" ಅಂದರು.

ಗದ್ದೆಯಲ್ಲಿ ಒಂದು ಬಕೆಟ್ ಹೂತು, ಗದ್ದೆ ನೀರಿನ ಮಟ್ಟಕ್ಕೇ ಅದರಲ್ಲೂ ನೀರು ತುಂಬಿದರು. ಬಕೆಟ್‌ನಿಂದ ನೀರು ಆವಿಯಾಗಿ ಮಾತ್ರ ಹೋಗಬೇಕು. ಗದ್ದೆಯ ನೀರು ಆವಿಯಾಗುತ್ತೆ, ಪೈರು ಕುಡಿಯುತ್ತೆ, ಮಣ್ಣಿಗೂ ಇಳಿಯುತ್ತೆ, ಬದುವಿನಲ್ಲೂ ಸೋರುತ್ತೆ. ನಾಲೆಯಲ್ಲಿ ನೀರು ಬಿಡದ ದಿನಗಳಲ್ಲಿ ಬೆಳಿಗ್ಗೆ ಎದ್ದು ಎರಡನ್ನೂ ಓದುವುದು ನನ್ನ ಕೆಲಸ. ಬಕೆಟ್‌ನಲ್ಲಿ 5 ಮಿಲಿಮೀಟರ್ ಇಳಿದರೆ ಗದ್ದೆಯಲ್ಲಿ 13. ಮೂರನೇ ದಿನ ಅಪ್ಪ ನನ್ನ ಪುಸ್ತಕ ಇಸ್ಕೊಂಡು ನೋಡಿದರು. ಏನೂ ಹೇಳದೆ ಗುದ್ದಲಿ ತಗೊಂಡು ಬದುವಿನುದ್ದಕ್ಕೂ ನಡೆದರು. ಮೂರು ಕಡೆ ಏಡಿ ಬಿಲ. ಮೆತ್ತಿದ ಮೇಲೆ ಗದ್ದೆಯ ಲೆಕ್ಕ 9ಕ್ಕೆ ಬಂತು. ಆ 4 ಮಿಲಿಮೀಟರ್ ಅಂದರೆ ನಮ್ಮ 30 ಗುಂಟೆಯಲ್ಲಿ ದಿನಕ್ಕೆ 12 ಸಾವಿರ ಲೀಟರ್. ಅದೆಲ್ಲ ಪೋಲಾಗಿತ್ತು ಅಂತಲ್ಲ, ಸ್ವಲ್ಪ ಕೆಳಗದ್ದೆಗೂ ಹೋಗಿರುತ್ತೆ ಅಂತ ಮೇಷ್ಟ್ರು ಅದನ್ನೂ ಬರೆಸಿದರು.

ಒಂದು ಗುರುವಾರ ನಾನು ಗದ್ದೆಗೆ ಹೋಗಲಿಲ್ಲ. ನಿದ್ದೆ ಬಂದಿತ್ತು. ಸುಮ್ನೆ "9" ಅಂತ ಬರೆದೆ. ಆದರೆ ಹಿಂದಿನ ರಾತ್ರಿ ಜೋರು ಮಳೆ ಸುರಿದಿತ್ತು. ಗದ್ದೆಯ ನೀರು ಇಳಿಯೋದಿರಲಿ, ಏರಿರಬೇಕಿತ್ತು. ಮೇಷ್ಟ್ರು ಆ ಸಾಲಿನ ಮೇಲೆ ಬೆರಳಿಟ್ಟು ನನ್ನನ್ನೇ ನೋಡಿದರು. ನಾನು ತಲೆ ತಗ್ಗಿಸಿದೆ. ಬೈಯಲಿಲ್ಲ. ಕೆಂಪು ಪೆನ್ನಿನಲ್ಲಿ 9ನ್ನು ಹೊಡೆದು ಪಕ್ಕದಲ್ಲಿ "ಅಳೆದಿಲ್ಲ" ಅಂತ ಬರೆದು ಪುಸ್ತಕ ವಾಪಸ್ ಕೊಟ್ಟರು.

ಈಗ ನಾನು ಮೈಸೂರಿನಲ್ಲಿ ಟೀಚರ್. ನನ್ನ ಮಕ್ಕಳೂ ಮನೆಯ ನೀರು, ಕಸ, ಕರೆಂಟು ಅಳೆದು ಬರೆಯುತ್ತಾರೆ. ಮೊನ್ನೆ ಒಬ್ಬ ಹುಡುಗ ಬುಧವಾರದ ಸಾಲಿನಲ್ಲಿ "ಅಳೆದಿಲ್ಲ, ಅಜ್ಜಿ ಮನೆಗೆ ಹೋಗಿದ್ದೆ" ಅಂತ ಬರೆದು ತಂದಿದ್ದ. ಆ ಪುಟಕ್ಕೆ ಸಹಿ ಹಾಕಿ, ಸ್ವಲ್ಪ ಹೊತ್ತು ಪುಸ್ತಕ ಕೈಯಲ್ಲೇ ಹಿಡಿದುಕೊಂಡಿದ್ದೆ.