ಚಳ್ಳಕೆರೆಯ ಎಣ್ಣೆ ಮಿಲ್ಲಿಗೆ ಶೆಡ್ಯೂಲ್ ಹಾಕುವಾಗ ಹಿಂಡಿ ಮರೀಬೇಡಿ

ಉತ್ಪಾದನೆ ಯೋಜಿಸುವ ಸಾಫ್ಟ್‌ವೇರ್‌ಗಳು ಹೆಚ್ಚಾಗಿ ಬಿಡಿಭಾಗ ಜೋಡಿಸುವ ಕಾರ್ಖಾನೆಯ ಅಳತೆಗೆ ಹೊಲಿದ ಅಂಗಿ. ಶೇಂಗಾ ಮಿಲ್ಲಿನಲ್ಲಿ ನಡೆಯುವುದು ಉಲ್ಟಾ: ಒಳಗೆ ಹೋಗುವುದು ಕಾಯಿ ಒಂದೇ, ಹೊರಗೆ ಬರುವುದು ಸಿಪ್ಪೆ, ಎಣ್ಣೆ, ಹಿಂಡಿ.

1 ಲೀಟರಿನ 6,000 ಪೌಚ್‌ಗಳ ಆರ್ಡರ್ ಇದೆ ಎನ್ನಿ. ಶೇಂಗಾ ಎಣ್ಣೆ ಲೀಟರಿಗೆ ಸುಮಾರು 910 ಗ್ರಾಂ ತೂಗುತ್ತದೆ, ಹಾಗಾಗಿ ಬೇಕಾದದ್ದು 5,460 ಕೆ.ಜಿ. ಸಾಫ್ಟ್‌ವೇರ್‌ನ ಐಟಂ ಮಾಸ್ಟರ್‌ನಲ್ಲಿ (ಸರಕುಗಳ ಮೂಲ ವಿವರದ ಪಟ್ಟಿ) ಲೀಟರಿಗೆ ಒಂದು ಕೆ.ಜಿ. ಅಂತ ಹೊಡೆದಿದ್ದರೆ ಹತ್ತಿರ ಹತ್ತಿರ 2 ಟನ್ ಕಾಯಿ ಸುಮ್ಮನೆ ಖರೀದಿಯಾಗುತ್ತದೆ. ಪ್ಯಾಕಿಂಗ್ ನಷ್ಟ ಶೇ. 1 ಸೇರಿಸಿ, ಬೀಜದಿಂದ ಎಣ್ಣೆ ಶೇ. 40, ಕಾಯಿಯಿಂದ ಬೀಜ ಶೇ. 70 ಎಂದು ಹಿಡಿದರೆ 13.8 ಟನ್ ಬೀಜ, 19.7 ಟನ್ ಕಾಯಿ. ಮಳೆ ಕೈಕೊಟ್ಟ ವರ್ಷ ಕಾಯಿ ಜೊಳ್ಳಾಗಿ ಆ 70 ಕುಸಿಯುತ್ತದೆ. ಪ್ರತಿ ಲಾಟಿನಿಂದ 1 ಕೆ.ಜಿ. ಸುಲಿದು, ತೂಗಿ, ಬಂದ ಅಂಕಿಯನ್ನೇ ತುಂಬಿ. ಹೋದ ವರ್ಷದ್ದು ಬೇಡ.

ಎಣ್ಣೆ ಹಿಂಡುವ ಯಂತ್ರವಾದ ಎಕ್ಸ್‌ಪೆಲ್ಲರ್‌ನ ಸಾಮರ್ಥ್ಯಕ್ಕೂ ಇದೇ ಮಾತು. ನಾಮಫಲಕ ದಿನಕ್ಕೆ 5 ಟನ್ ಎಂದರೂ ಒಳಗೆ ಬೀಜ ಒತ್ತುವ ತಿರುಪು (ವರ್ಮ್) ಸವೆದ ಮೇಲೆ 4 ಟನ್ ಬಂದರೆ ಹೆಚ್ಚು. ಕಳೆದ 30 ದಿನದ ಸರಾಸರಿ ಹಾಕಿ.

ಈಗ ಹಿಂಡಿ. ದಿನಕ್ಕೆ 4 ಟನ್ ಬೀಜ ಅರೆದರೆ ಸುಮಾರು 2.3 ಟನ್ ಹಿಂಡಿ, 50 ಕೆ.ಜಿ. ಚೀಲದಲ್ಲಿ 46. ಗೋಡೌನ್‌ನಲ್ಲಿ 100 ಚೀಲಕ್ಕಷ್ಟೇ ಜಾಗವಿದ್ದರೆ ಎರಡು ದಿನಕ್ಕೆ 92. ಮೂರನೇ ದಿನ ಬೆಳಿಗ್ಗೆಯೇ ಎಕ್ಸ್‌ಪೆಲ್ಲರ್ ನಿಲ್ಲುತ್ತದೆ. ಕಾಯಿ ಇದೆ, ಕರೆಂಟ್ ಇದೆ, ಆಳು ಇದ್ದಾರೆ, ಸ್ಕ್ರೀನ್ ಮೇಲೆ ಎಲ್ಲವೂ ಹಸಿರು! ಹಿಂಡಿಯನ್ನು ಬಿಓಎಂನಲ್ಲಿ (ಒಂದು ಸರಕು ತಯಾರಿಸಲು ಏನೇನು ಎಷ್ಟು ಬೇಕು ಎಂಬ ಪಟ್ಟಿ) ಉಪ ಉತ್ಪನ್ನವಾಗಿ ಸೇರಿಸಿ. ಹಲವು ಸಾಫ್ಟ್‌ವೇರ್‌ಗಳಲ್ಲಿ ಅದನ್ನು ಮೈನಸ್ ಪ್ರಮಾಣವಾಗಿ ಬರೆಯಬೇಕು. ಅಷ್ಟಕ್ಕೇ ಬಿಟ್ಟರೆ ಸ್ಟಾಕ್ ಏರುವುದು ಕಾಣುತ್ತದೆಯೇ ಹೊರತು ಯಂತ್ರ ನಿಲ್ಲುವುದು ಕಾಣುವುದಿಲ್ಲ. ಗೋಡೌನನ್ನೂ ಒಂದು ಯಂತ್ರದಂತೆ 100 ಚೀಲದ ಮಿತಿಯ ಸಂಪನ್ಮೂಲ (ರಿಸೋರ್ಸ್) ಎಂದು ಸಾಫ್ಟ್‌ವೇರ್‌ನಲ್ಲಿ ದಾಖಲಿಸಿ.

ಹಿಂಡಿದ ಎಣ್ಣೆಯಲ್ಲಿನ ಗಸಿ ತಳಕ್ಕಿಳಿಯುವ 24 ಗಂಟೆಯನ್ನು ಯಂತ್ರದ ಸಮಯದಲ್ಲಿ ಸೇರಿಸಬೇಡಿ. ಅದು ಬರೀ ಕಾಯುವಿಕೆ, ರಾತ್ರಿಯೂ ಭಾನುವಾರವೂ ಓಡುತ್ತದೆ. ಶಿಫ್ಟ್ ಕ್ಯಾಲೆಂಡರಿಗೆ ಕಟ್ಟಿದರೆ ದಿನಕ್ಕೆ 8 ಗಂಟೆಯ ಮಿಲ್ಲಿನಲ್ಲಿ ಆ ಒಂದು ದಿನ ಮೂರಾಗುತ್ತದೆ. ತಳದ ಗಸಿ ಮತ್ತೆ ಎಕ್ಸ್‌ಪೆಲ್ಲರ್‌ಗೇ ಹೋಗುವುದರಿಂದ ಅದಕ್ಕೂ ಒಂದಷ್ಟು ಹೊತ್ತು ಬಿಡಿ.

ಪ್ರಿಂಟ್ ಆದ ಪೌಚ್ ರೋಲಿಗೆ ಕಾಯಿಗಿಂತ ಮುಂಚೆ ಆರ್ಡರ್ ಹೋಗಬೇಕು, ಕಾಯಿ ಮಾರುಕಟ್ಟೆಯಲ್ಲಿ ನಾಳೆಯೂ ಸಿಗುತ್ತದೆ. ಹಿಂಡಿ ಒಯ್ಯುವ ಲಾರಿ ವಾರಕ್ಕೆ ಎರಡೇ ಸಲ ಬರುವುದಾದರೆ ಆ ಎರಡು ದಿನಗಳನ್ನೂ ಕ್ಯಾಲೆಂಡರಿಗೆ ಏರಿಸಿಬಿಡಿ.