ಗಟ್ಟದವರು ಕಡಲಿಗಿಳಿದದ್ದು

ಜೀಪಿನ ಮೇಲೆ ವಿಂಡ್‌ಸರ್ಫಿಂಗ್ ಬೋರ್ಡು, ಅಂದರೆ ಹಾಯಿ ಸಿಕ್ಕಿಸಿ ನಿಂತುಕೊಂಡು ಗಾಳಿಯಲ್ಲಿ ನೀರ ಮೇಲೆ ಸಾಗುವ ಹಲಗೆ, ಕಟ್ಟಿಕೊಂಡು ಹೊರಟರೆ ಎಲ್ಲರಿಗೂ ಅದರ ಮೇಲೇ ಕಣ್ಣು. ಸಕಲೇಶಪುರದ ಟೀ ಅಂಗಡಿಯವರು ಮೆಣಸು ಕೊಯ್ಯುವ ಹೊಸ ಮಾದರಿ ಏಣಿಯೇ ಅಂದರು. ಶಿರಾಡಿ ಇಳಿದ ಮೇಲೆ ಗುಂಡ್ಯದ ಚೆಕ್‌ಪೋಸ್ಟಿನಲ್ಲಿ ಒಬ್ಬರು ತಟ್ಟಿ ನೋಡಿ, "ಇದರೊಳಗೆ ಏನಿದೆ?" ಅಂತ ಕೇಳಿದರು. "ಥರ್ಮಾಕೋಲು ಸಾರ್" ಅಂದ ಅಕ್ಕನ ಮಗ. ಸುಳ್ಳಲ್ಲ, ಹೆಚ್ಚುಕಮ್ಮಿ ಅದೇ.

ಫೆಬ್ರವರಿ ಕೊನೆ. ರೊಬಸ್ಟಾ ಕಾಫಿಯ ಕೊಯ್ಲು ಮುಗಿದಿತ್ತು, ಗಿಡ ಹೂ ಬಿಡಿಸುವ ಹೂಮಳೆಗೆ ಇನ್ನೂ ದಿನ ಇತ್ತು. ಈ ಹುಡುಗ ಗೋವಾದಲ್ಲಿ ವಿಂಡ್‌ಸರ್ಫಿಂಗ್ ಕಲಿತು, ಹಳೆಯ ಬೋರ್ಡೊಂದನ್ನು ಕೊಂಡು ತಂದಿದ್ದ. ಆಲೂರಿನ ಹತ್ತಿರ ನಮ್ಮ ತೋಟದ ಕೆರೆಯಲ್ಲಿ ನನಗೂ ಕಲಿಸಿದ. 1984ರಿಂದ ಒಲಿಂಪಿಕ್ಸಿನಲ್ಲಿರುವ ಆಟವಂತೆ. ಚುಕ್ಕಾಣಿ ಇಲ್ಲ, ಕೂರಲು ಜಾಗ ಇಲ್ಲ. ಹಾಯಿಯ ಕಂಬದ ಬುಡದಲ್ಲಿ ಎತ್ತ ಬೇಕಾದರೂ ಬಾಗುವ ಒಂದು ಕೀಲು ಇರುತ್ತದೆ. ಹಾಯಿಯನ್ನು ಮುಂದಕ್ಕೆ ಬಾಗಿಸಿದರೆ ಬೋರ್ಡು ಗಾಳಿಗೆ ಬೆನ್ನು ಮಾಡುತ್ತದೆ, ಹಿಂದಕ್ಕೆ ಬಾಗಿಸಿದರೆ ಗಾಳಿಯತ್ತ ಮೂತಿ ತಿರುಗಿಸುತ್ತದೆ. ಕೆರೆಯಲ್ಲಿ ಎಷ್ಟು ಎಡವಟ್ಟಾದರೂ ಚಿಂತೆಯಿಲ್ಲ. ಗಾಳಿ ಎತ್ತ ನೂಕಿದರೂ ಒಂದು ದಡ ಸಿಗುತ್ತದೆ. ಎರಡೇ ವಾರಕ್ಕೆ ನಾನು ಪಳಗಿದೆ ಅಂದುಕೊಂಡೆ.

ಹಾಸನದಿಂದ ಮಂಗಳೂರಿಗೆ ಸುಮಾರು 170 ಕಿ.ಮೀ. ಅಲ್ಲಿಂದ ಉಡುಪಿ ದಾರಿ ಹಿಡಿದು, ಹಳೆಯಂಗಡಿಯಲ್ಲಿ ಹೆದ್ದಾರಿ ಬಿಟ್ಟು ಪಡುವಣಕ್ಕೆ ತಿರುಗಿದರೆ ಸಸಿಹಿತ್ಲು. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ತೆಂಗಿನ ಮರಗಳ ಸಪೂರ ಪಟ್ಟಿ. ನಂದಿನಿ, ಶಾಂಭವಿ ಎರಡೂ ಸೇರಿ ಕಡಲಿಗೆ ಬೀಳುವ ಅಳಿವೆ ಇಲ್ಲಿದೆ. 2016ರಲ್ಲಿ ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆ ನಡೆದ ಜಾಗ. ನಾವು ಹೋದ ಮಂಗಳವಾರ ಮಾತ್ರ ಮರಳಿನ ಮೇಲೆ ನಾಲ್ಕು ನಾಯಿ, ಒಂದು ಬಲೆ, ನಾವಿಬ್ಬರು.

ಮೊದಲ ದಿನ ಹುಡುಗ ನೀರಿಗೇ ಇಳಿಸಲಿಲ್ಲ. ಮರಳು ಮುಷ್ಟಿಯಲ್ಲಿ ಹಿಡಿದು ಬಿಟ್ಟು ಗಾಳಿ ನೋಡಿದ. ಅಳಿವೆಯ ಕಡೆ ಬೆರಳು ಮಾಡಿ, "ಇಳಿತದ ಹೊತ್ತಲ್ಲಿ ಹೊಳೆ ನೀರೆಲ್ಲ ಅಲ್ಲಿಂದ ಹೊರಗೆ ಓಡುತ್ತೆ ಮಾವ, ಆ ಕಡೆ ತಲೆ ಹಾಕಬೇಡಿ" ಅಂದ. ಒಬ್ಬರು ನೀರಲ್ಲಿದ್ದರೆ ಇನ್ನೊಬ್ಬರು ದಡದಲ್ಲಿ, ಅದೂ ಹನ್ನೊಂದರ ಮೇಲೆಯೇ. ಫೋನಿನಲ್ಲಿ ಕೋಸ್ಟ್ ಗಾರ್ಡಿನ ತುರ್ತು ನಂಬರು 1554 ಬರೆಸಿದ. ಇಷ್ಟು ಉಪದೇಶ ನನ್ನ ಮದುವೆಯಲ್ಲೂ ಯಾರೂ ಮಾಡಿರಲಿಲ್ಲ.

ಎರಡನೇ ದಿನ ಏಳೂವರೆಗೆ ಎದ್ದು ನೋಡುತ್ತೇನೆ, ಕಡಲು ನಮ್ಮ ಕೆರೆಗಿಂತ ಸಪಾಟು. ಬೆನ್ನ ಹಿಂದಿನಿಂದ ತಣ್ಣಗಿನ ಗಾಳಿ. ಹುಡುಗ ಮಲಗಿದ್ದ. ಸುಮ್ನೆ ಎಬ್ಬಿಸುವುದೇಕೆ ಅಂತ ಒಬ್ಬನೇ ಬೋರ್ಡು ಎಳೆದುಕೊಂಡು ಹೋದೆ. ಲೈಫ್ ಜಾಕೆಟ್ಟು ಹಾಕಿಕೊಳ್ಳುವ ಬುದ್ಧಿ ಮಾತ್ರ ಹೇಗೋ ಬಂತು.

ಸಪಾಟಾಗಿದ್ದದ್ದೇ ಮೋಸ. ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ತಣಿಯುವುದಿಲ್ಲ. ಹಾಗಾಗಿ ಬೆಳಗಿನ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ದಡದಲ್ಲಿ ತೆಂಗಿನ ಮರಗಳು ಅದನ್ನು ತಡೆಯುತ್ತವೆ, ಅಲ್ಲಿ ಅದು ಬೀಸಣಿಗೆಯಷ್ಟೇ. ದೂರ ಹೋದಷ್ಟೂ ಜೋರು. ಅಲ್ಲಿ ಎದ್ದ ಅಲೆಗಳೂ ದಡದಿಂದ ನೋಡುವವರಿಗೆ ಬೆನ್ನು ಹಾಕಿಕೊಂಡೇ ಹೋಗುತ್ತವೆ, ಕಾಣುವುದಿಲ್ಲ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ತಿಳಿದದ್ದು ಇಷ್ಟೇ: ತಿರುಗಿ ನೋಡಿದರೆ ತೆಂಗಿನ ಮರಗಳು ಭತ್ತದ ಸಸಿಯಷ್ಟಾಗಿದ್ದವು.

ವಾಪಸ್ ಬರಲು ಗಾಳಿಗೆ ಎದುರು ಓರೆಯಾಗಿ ಸಾಗಬೇಕು. ಕೆರೆಯಲ್ಲಿ ಅದನ್ನು ಕಲಿಯುವ ಅಗತ್ಯವೇ ಬಿದ್ದಿರಲಿಲ್ಲ. ಬಿದ್ದೆ, ಎದ್ದೆ, ಮತ್ತೆ ಬಿದ್ದೆ. ನೀರು ತುಂಬಿಕೊಂಡ ಹಾಯಿಯನ್ನು ಹಗ್ಗ ಹಿಡಿದು ಎತ್ತುವುದೆಂದರೆ ಮೂಟೆ ಎತ್ತಿದಂತೆ. ನಾಲ್ಕನೇ ಸಲಕ್ಕೆ ಸೊಂಟ ಕೈಕೊಟ್ಟಿತು. ಈಜಿ ಹೋಗೋಣ ಅಂತ ಒಂದು ಕ್ಷಣ ಅನ್ನಿಸಿದ್ದು ನಿಜ. ಆದರೆ ಹುಡುಗ ಹತ್ತು ಸಲ ಹೇಳಿದ್ದ, ಏನೇ ಆಗಲಿ ಬೋರ್ಡು ಬಿಡಬೇಡಿ, ಅದು ತೇಲುತ್ತೆ, ನೀವು ತೇಲಲ್ಲ ಅಂತ. ತುದಿಯ ಹಗ್ಗ ಬಿಚ್ಚಿ, ಹಾಯಿಯನ್ನು ಕಂಬಕ್ಕೆ ಚಾಪೆ ಸುತ್ತಿದಂತೆ ಸುತ್ತಿ, ಬೋರ್ಡಿನ ಉದ್ದಕ್ಕೆ ಇಟ್ಟುಕೊಂಡು, ಅದರ ಮೇಲೆ ಬೋರಲು ಮಲಗಿ ಕೈಯಲ್ಲೇ ಹುಟ್ಟು ಹಾಕತೊಡಗಿದೆ. ಎಷ್ಟು ಹಾಕಿದರೂ ಮರಗಳು ದೊಡ್ಡದಾಗಲಿಲ್ಲ.

ಮೀನು ಹಿಡಿದು ಮರಳುತ್ತಿದ್ದ ದೋಣಿಯೊಂದು ಕಂಡಿತು. ಎದ್ದು ಕೂತು ಎರಡೂ ಕೈ ಅಗಲಿಸಿ, ರೆಕ್ಕೆ ಬಡಿದಂತೆ ನಿಧಾನವಾಗಿ ಮೇಲೆ ಕೆಳಗೆ ಆಡಿಸಿದೆ. ಆಪತ್ತಿನಲ್ಲಿ ಮಾಡುವ ಸನ್ನೆ ಅದು. ಒಂದೇ ಕೈ ಬೀಸಿದ್ದರೆ ಟಾಟಾ ಮಾಡ್ತಿದ್ದಾನೆ ಅಂದುಕೊಂಡು ಹೋಗಿಬಿಡುತ್ತಿದ್ದರೋ ಏನೋ.

ದೋಣಿಯ ಹಿರಿಯರು ಹಗ್ಗ ಎಸೆದರು. ಬೈಯಲಿಲ್ಲ.

"ನೀವು ಗಟ್ಟದವರಾ?"

"ಹೌದು, ಹಾಸನ."

"ಹಾಗೆ ಹೇಳಿ. ಬೆಳಗಿನ ಗಾಳಿ ಇರುವುದು ಹೊರಗೆ ಹೋಗ್ಲಿಕ್ಕೆ ಮಾರಾಯ್ರೆ. ಬರ್ಲಿಕ್ಕೆ ಮಧ್ಯಾಹ್ನದ್ದು. ಎಂಜಿನ್ ಇಲ್ಲದಾಗ ನಮ್ಮ ಅಜ್ಜಂದಿರು ಹಾಯಿ ಕಟ್ಟಿ ಹಾಗೇ ಹೋಗಿ ಬರ್ತಿದ್ದದ್ದು."

ದಡದಲ್ಲಿ ಹುಡುಗ ಫೋನು ಹಿಡಿದು ನಿಂತಿದ್ದ. ಮುಖ ಬಿಳಿಚಿತ್ತು. ಒಂದು ಮಾತೂ ಆಡಲಿಲ್ಲ. ದೋಣಿಯವರಿಗೆ ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ, ಬದಲಿಗೆ ನಮಗೇ ಎರಡು ಬಂಗುಡೆ ಕೊಟ್ಟರು.

ಹನ್ನೆರಡು ದಾಟಿದ ಮೇಲೆ ಗಾಳಿ ನಿಜಕ್ಕೂ ತಿರುಗಿತು, ಕಡಲಿಂದ ನೆಲಕ್ಕೆ. ನೀರಿನ ಮೇಲೆ ಅಲ್ಲಲ್ಲಿ ಬಿಳಿ ನೊರೆ. ಬೆಳಿಗ್ಗೆಗಿಂತ ಎಷ್ಟೋ ಭಯಂಕರವಾಗಿ ಕಾಣುತ್ತಿತ್ತು. "ಈಗ ಬನ್ನಿ ಮಾವ" ಅಂದ. ದಡಕ್ಕೆ ಸಮನಾಗಿ ಆ ಕಡೆಯಿಂದ ಈ ಕಡೆಗೆ ಹೋಗಿ ಬಂದೆ. ಬಿದ್ದಾಗಲೆಲ್ಲ ಅಲೆಯೇ ನನ್ನನ್ನು ಮರಳಿಗೆ ತಂದು ಎಸೆಯಿತು. ಬಾಯಿ ತುಂಬ ಉಪ್ಪು, ಮೊಣಕಾಲು ತರಚಿತ್ತು. ಅಷ್ಟು ಖುಷಿ ಈಚೆಗೆ ಆಗಿದ್ದಿಲ್ಲ.

ಅತ್ತೆಗೆ ಹೇಳಲ್ಲ ಅಂತ ಹುಡುಗ ಮಾತು ಕೊಟ್ಟ. ಆದರೆ ಆ ರಾತ್ರಿ ಬೋರ್ಡಿನ ಅಡಿಯ ಫಿನ್ ಬಿಚ್ಚಿ ತನ್ನ ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದ. ಅದಿಲ್ಲದೆ ಬೋರ್ಡು ನೇರ ಹೋಗುವುದಿಲ್ಲ. ತೋಟಕ್ಕೆ ಮರಳಿ ಮೂರು ವಾರವಾಯಿತು, ಇನ್ನೂ ವಾಪಸ್ ಕೊಟ್ಟಿಲ್ಲ.