ಚಪ್ಪಲಿ ಬಾಗಿಲಲ್ಲೇ ಬಿಡೋರ ಕೃತಕ ಕಾಲು

ಓಹಾಯೋಗೆ ಬಂದು ಫಿಸಿಯೋಥೆರಪಿ ಓದೋಕೆ ಶುರು ಮಾಡಿ ಇದು ಮೂರನೇ ವರ್ಷ, ಊರಿಂದ ಫೋನ್ ಮಾಡಿದಾಗೆಲ್ಲ ದೊಡ್ಡಮ್ಮ "ಇನ್ನೂ ಮಸಾಜ್ ಮಾಡೋದೇ ಕಲೀತಿದ್ದೀಯೇನೇ" ಅಂತಾರೆ, ನಾನೂ ಹೂಂ ಅಂದು ಸುಮ್ನಾಗ್ತೀನಿ. ಈಗಿನ ಪೋಸ್ಟಿಂಗ್ ಕಾಲು ತೆಗೆಸಿಕೊಂಡವರ ರಿಹ್ಯಾಬ್‌ನಲ್ಲಿ. ನಾನು ನೋಡ್ತಿರೋರಲ್ಲಿ ಹೆಚ್ಚಿನವರು ಶುಗರ್ ಪೇಷೆಂಟ್ಸ್, ಪಾದದಲ್ಲಿ ಸ್ಪರ್ಶವೇ ಹೋಗಿ, ಗಾಯ ಆಗಿದ್ದೂ ಗೊತ್ತಾಗದೆ, ಕೊನೆಗೆ ಮೊಣಕಾಲ ಕೆಳಗೆ ತೆಗೆಸಿದೋರು.

ಕಾಲು ಮಾಡೋದು ನಾವಲ್ಲ, ಪ್ರಾಸ್ಥೆಟಿಸ್ಟ್. ಅದನ್ನ ಹಾಕ್ಕೊಂಡು ಬದುಕೋದು ಕಲಿಸೋದು ನಮ್ಮ ಪಾಲು. ಕಾಲು ಕೈಗೆ ಬರೋಕೂ ಮುಂಚೆನೇ "ಮೊಣಕಾಲ ಕೆಳಗೆ ದಿಂಬು ಇಡಬೇಡಿ, ದಿನಾ ಸ್ವಲ್ಪ ಹೊತ್ತು ಬೋರಲು ಮಲಗಿ" ಅಂತ ಅವರ ತಲೆ ತಿನ್ನಬೇಕು, ಕೀಲು ಮಡಚಿದ ಹಾಗೇ ಬಿಗಿದುಕೊಂಡ್ರೆ ಆಮೇಲೆ ಎಷ್ಟು ದುಡ್ಡಿನ ಕಾಲು ತಂದ್ರೂ ನಡಿಗೆ ಬರಲ್ಲ.

ಮೊದಲನೇ ವಾರನೇ ಒಂದು ಎಡವಟ್ಟು ಮಾಡಿದೆ. ಒಬ್ಬ ಅಜ್ಜ ಮಧ್ಯಾಹ್ನದ ಮೇಲೆ ಬಂದು ಸ್ಟಂಪ್ (ತೆಗೆದ ಮೇಲೆ ಉಳಿದಿರೋ ಕಾಲು) ತುದಿ ನೋಯ್ತಿದೆ ಅಂದ್ರು, ನಾನು ಬಿಗಿ ಆಗಿರಬೇಕು ಅಂದ್ಕೊಂಡು ಸ್ಟಂಪ್ ಮೇಲೆ ಹಾಕೋ ಸಾಕ್ಸ್‌ನಲ್ಲಿ ಒಂದನ್ನ ತೆಗೆಸಿದೆ, ನಾಲ್ಕು ಹೆಜ್ಜೆ ಇಡೋಷ್ಟರಲ್ಲಿ ಅವರ ಮುಖ ಹುಳ್ಳಗಾಯ್ತು. ಆಗಿದ್ದು ಉಲ್ಟಾ. ಹೊತ್ತು ಏರ್ತಾ ಸ್ಟಂಪ್ ಸೊರಗಿ, ಸಾಕೆಟ್ (ಕೃತಕ ಕಾಲಲ್ಲಿ ಸ್ಟಂಪ್ ಕೂರೋ ಬಟ್ಟಲು) ಒಳಗೆ ಕೆಳಕ್ಕೆ ಜಾರಿ ಮೂಳೆ ತುದಿ ತಳಕ್ಕೆ ಕೂತಿತ್ತು, ಸಾಕ್ಸ್ ಸೇರಿಸಬೇಕಿತ್ತು. 1 ಪ್ಲೈ, 3 ಪ್ಲೈ, 5 ಪ್ಲೈ ಅಂತ ದಪ್ಪದ ಲೆಕ್ಕದಲ್ಲಿ ಬರುತ್ತವೆ ಈ ಸಾಕ್ಸ್, ಬೆಳಿಗ್ಗೆ ಎಷ್ಟು, ಸಂಜೆ ಎಷ್ಟು ಅನ್ನೋ ಲೆಕ್ಕ ಪೇಷೆಂಟ್ ಕೈಗೇ ಬರಬೇಕು. ಅವತ್ತಿಂದ ನಾನು ಮೊದಲು ಕೇಳೋದೇ "ಇವತ್ತು ಎಷ್ಟು ಪ್ಲೈ?"

ಕಾಲು ಬಿಚ್ಚಿದ ಮೇಲೆ ಚರ್ಮ ನೋಡೋದು ಇನ್ನೊಂದು ಕೆಲಸ. ಕೆಂಪಾಗಿದ್ರೆ ಸ್ವಲ್ಪ ಹೊತ್ತಲ್ಲಿ ಮಾಯ ಆಗಬೇಕು, ಆಗ್ಲಿಲ್ಲ ಅಂದ್ರೆ ಪ್ರಾಸ್ಥೆಟಿಸ್ಟ್‌ಗೆ ಫೋನ್. ಪುಸ್ತಕದ ಫೋಟೋ ಎಲ್ಲ ಬಿಳಿ ಚರ್ಮದ್ದು ಕಣ್ರೀ, ನಮ್ಮಂಥ ಕಂದು, ಕಪ್ಪು ಚರ್ಮದಲ್ಲಿ ಕೆಂಪು ಎಲ್ಲಿ ಕಾಣುತ್ತೆ, ಕೈ ಹಿಂಬದಿ ಇಟ್ಟು ಬಿಸಿ ಇದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿ ನೋಡಬೇಕು.

ಈಗ ನಮ್ಮ ಅಂಕಲ್ ವಿಷಯ. ಮಂಡ್ಯ ಕಡೆಯೋರು, ಮಗಳ ಜೊತೆ ಇಲ್ಲೇ ಇದ್ದಾರೆ. ಕ್ಲಿನಿಕ್‌ನಲ್ಲಿ ಚೆನ್ನಾಗಿ ನಡೀತಾರೆ, ಮನೇಲಿ ಎರಡು ಸಲ ಹಿಂದಕ್ಕೆ ವಾಲಿ ಬಿದ್ದಿದ್ರು. ಎಲ್ಲರೂ ಬ್ಯಾಲೆನ್ಸ್, ತಾಕತ್ತು ಅಂತ ಟೆಸ್ಟ್ ಮಾಡ್ತಿದ್ರೆ ಅಂಕಲ್ ನನ್ನ ಹತ್ರ ಮೆಲ್ಲಗೆ "ಮನೇಲಿ ಗುಡ್ಡ ಹತ್ತಿದಂಗೆ ಆಯ್ತದೆ ಕಣಮ್ಮ" ಅಂದ್ರು. ನನಗೆ ತಟ್ಟಂತ ಹೊಳೀತು, "ಅಂಕಲ್, ಮನೇಲಿ ಶೂ ಬಿಚ್ತೀರಾ?" "ಬಿಚ್ದೆ ಇನ್ನೇನು, ಒಳಗೆ ಹಾಕ್ಕೊಂಡು ಹೋಗೋಕಾಯ್ತದಾ!"

ವಿಷಯ ಇಷ್ಟೇ. ಅವರ ಕೃತಕ ಪಾದಕ್ಕೆ ಕಣಕಾಲ ಹತ್ರ ಆಡೋ ಕೀಲಿಲ್ಲ, ಪೂರ್ತಿ ಕಾಲನ್ನ ಶೂ ಹಿಮ್ಮಡಿಯ ಎತ್ತರಕ್ಕೆ ಹೊಂದಿಸಿ ನಿಲ್ಲಿಸಿರ್ತಾರೆ. ಶೂ ಬಿಚ್ಚಿದ್ರೆ ಹಿಮ್ಮಡಿ ಕೆಳಗಿಳಿದು ಇಡೀ ಕಾಲು ಹಿಂದಕ್ಕೆ ವಾಲುತ್ತೆ, ಮೊಣಕಾಲನ್ನೂ ಹಿಂದಕ್ಕೆ ದೂಡುತ್ತೆ. ನನ್ನ ಸೂಪರ್‌ವೈಸರ್‌ಗೆ ಇದೆಲ್ಲ ಗೊತ್ತು, ಅವರ ಪೇಷೆಂಟ್ಸ್ ಶೂ ಹಾಕ್ಕೊಂಡೇ ಸೋಫಾ ಮೇಲೆ ಕಾಲು ಚಾಚೋರು, ಹಾಗಾಗಿ ಕೇಳೋ ಪ್ರಶ್ನೆ ನೆನಪಾಗಿರಲಿಲ್ಲ ಅಷ್ಟೇ. 1968ರಲ್ಲಿ ಜೈಪುರದಲ್ಲಿ ಡಾ. ಪಿ. ಕೆ. ಸೇಥಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ರಬ್ಬರಿನ ಪಾದ ಮಾಡಿದ್ದು ಯಾಕೆ ಅಂತ ನನಗೆ ನಿಜವಾಗಿ ಅರ್ಥ ಆಗಿದ್ದು ಅವತ್ತು, ಬರಿಗಾಲಲ್ಲಿ ನಡೆಯೋರಿಗೆ, ನೆಲದ ಮೇಲೆ ಚಕ್ಕಳಮಕ್ಕಳ ಕೂರೋರಿಗೆ, ಗದ್ದೆಗೆ ಇಳಿಯೋರಿಗೆ ಶೂ ಲೆಕ್ಕದ ಪಾದ ಏನು ಉಪಯೋಗ?

ಕೊನೆಗೆ ಶೂದಷ್ಟೇ ಹಿಮ್ಮಡಿ ಎತ್ತರ ಇರೋ, ಹಿಂದೆ ಪಟ್ಟಿ ಇರೋ ಒಂದು ಜೊತೆ ಚಪ್ಪಲಿ ಮನೆ ಒಳಗೆ ಮಾತ್ರ ಅಂತ ತರಿಸಿದ್ವಿ. ಆಂಟಿಗೆ ಅಡುಗೆಮನೇಲಿ ಚಪ್ಪಲಿ ಅಂದ್ರೆ ಆಗಲ್ಲ, ಎರಡು ದಿನ ಮುಖ ಊದಿಸ್ಕೊಂಡಿದ್ರಂತೆ. ಮೂರನೇ ದಿನ ತಾವೇ ಅದಕ್ಕೆ ಅರಿಶಿನ ಕುಂಕುಮ ಇಟ್ಟು "ಇದು ಚಪ್ಪಲಿ ಅಲ್ಲ, ಅವರ ಕಾಲೇ" ಅಂದುಬಿಟ್ರಂತೆ.